ಗೋಣಿತಟ್ಟಿನ ಮೇಲೆ ಹೊಲಿದ ಸಾಕ್ಷಿ

ಚಿಲಿ ದೇಶದ ‘ಆರ್ಪಿಯೇರಾ’ ನಮ್ಮ ಉತ್ತರ ಕರ್ನಾಟಕದ ಕೌದಿಯಂತೆ ಹಳೆಬಟ್ಟೆಯ ಚೂರುಗಳಿಂದ ಹುಟ್ಟುತ್ತದೆ. ಆದರೆ ಅದನ್ನು ಹೊಲಿದದ್ದು ಹೊದೆಯಲಿಕ್ಕಲ್ಲ, ಜಗತ್ತಿಗೆ ತೋರಿಸಲಿಕ್ಕೆ.

1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೋಚೆಯ ಸೇನೆ ಚುನಾಯಿತ ಅಧ್ಯಕ್ಷ ಅಯೆಂದೆಯ ಸರ್ಕಾರವನ್ನು ಉರುಳಿಸಿತು. ಸಾವಿರಾರು ಜನ ಕೊಲೆಯಾದರು, ಕಾಣೆಯಾದರು; ಇನ್ನೆಷ್ಟೋ ಮಂದಿ ದೇಶ ತೊರೆದರು. ಮಗನನ್ನೋ ಗಂಡನನ್ನೋ ಹುಡುಕಿ ಠಾಣೆ, ಜೈಲುಗಳಿಗೆ ಅಲೆದು ಸೋತ ರಾಜಧಾನಿ ಸಾಂಟಿಯಾಗೋದ ಹೆಂಗಸರು ಚರ್ಚಿನ ಆಸರೆಯಲ್ಲಿ ಕೂತು ಸೂಜಿ ಹಿಡಿದರು.

ಒಂದು ಆರ್ಪಿಯೇರಾವನ್ನು ಹತ್ತಿರದಿಂದ ನೋಡಿ. ಗೋಣಿತಟ್ಟಿನ ಮೇಲೆ ಆಂಡಿಸ್ ಪರ್ವತದ ಸಾಲು, ಅದರ ಮೇಲೆ ಹೊಳೆಯುವ ಸೂರ್ಯ. ಕೆಳಗೆ ಬೆರಳುದ್ದದ ಬಟ್ಟೆಗೊಂಬೆಗಳು ‘ಎಲ್ಲಿದ್ದಾರೆ?’ ಎಂಬ ಫಲಕ ಹಿಡಿದು ನಿಂತಿವೆ. ಕೆಲವು ಗೊಂಬೆಗಳ ಅಂಗಿ, ಕಾಣೆಯಾದವನದೇ ಅಂಗಿಯ ತುಂಡು. ಹಲವು ಆರ್ಪಿಯೇರಾಗಳ ಹಿಂಬದಿಯಲ್ಲಿ ಪುಟ್ಟ ಜೇಬು. ಅದರೊಳಗೆ ನಡೆದದ್ದನ್ನು ಹೇಳುವ ಚೀಟಿ. ಬಣ್ಣ ಹಬ್ಬದ್ದು, ಕಥೆ ಸೂತಕದ್ದು. ಈ ಎರಡನ್ನೂ ಒಂದೇ ಹೊಲಿಗೆಯಲ್ಲಿ ಹಿಡಿದಿಟ್ಟದ್ದೇ ಈ ಕಲೆಯ ದೊಡ್ಡತನ.

1976ರಲ್ಲಿ ಶುರುವಾದ ‘ವಿಕಾರಿಯಾ ದೆ ಲಾ ಸೊಲಿದಾರಿದಾದ್’ ಎಂಬ ಚರ್ಚ್ ಸಂಸ್ಥೆ ಇವುಗಳನ್ನು ಕೊಂಡು ಗುಟ್ಟಾಗಿ ಹೊರದೇಶಗಳಿಗೆ ಸಾಗಿಸಿತು. ದೇಶಭ್ರಷ್ಟರಾದ ಚಿಲಿಯನ್ನರು ಅಲ್ಲಿ ಅವನ್ನು ಪ್ರದರ್ಶಿಸಿದರು, ಮಾರಿಕೊಟ್ಟರು. ಆ ಹಣದಿಂದ ಹೊಲಿದವರ ಮನೆಯಲ್ಲಿ ಒಲೆ ಉರಿಯಿತು. ಪತ್ರಿಕೆಗಳ ಬಾಯಿ ಕಟ್ಟಿದ್ದಾಗಲೂ ಸುದ್ದಿ ಗಡಿ ದಾಟಿತು.

ಪಿನೋಚೆಯ ಸರ್ವಾಧಿಕಾರ 1990ರಲ್ಲಿ ಮುಗಿಯಿತು. ಆರ್ಪಿಯೇರಾಗಳು ಇಂದಿಗೂ ಸಾಂಟಿಯಾಗೋದ ಸ್ಮೃತಿ ಮತ್ತು ಮಾನವ ಹಕ್ಕುಗಳ ಸಂಗ್ರಹಾಲಯದಲ್ಲಿವೆ. ಇವನ್ನು ಬರೀ ಕಸೂತಿ ಎನ್ನಬೇಡಿ. ಇವು ಕಣ್ಣಾರೆ ಕಂಡವರು ಕೊಟ್ಟ ಸಾಕ್ಷ್ಯ.