ರದ್ದು ಎಂದ ಮೇಲಿನ ಕಾಯುವಿಕೆ

ಆಪರೇಟಿಂಗ್ ಸಿಸ್ಟಮ್ ಒಂದು ಎಷ್ಟು ಪಳಗಿದೆ ಎಂದು ತಿಳಿಯಲು ನಾನು ಅದರ ವೇಗವನ್ನು ನೋಡುವುದಿಲ್ಲ. ಒಪ್ಪಿಸಿದ ಕೆಲಸವನ್ನು ನಡುವೆಯೇ ಬೇಡ ಎಂದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುತ್ತೇನೆ.

ಪ್ರೋಗ್ರಾಮು ಫೈಲನ್ನೋ ನೆಟ್‌ವರ್ಕನ್ನೋ ಓದಿಕೊಡು ಎಂದು ಕೇಳಿ, ಉತ್ತರಕ್ಕೆ ಕಾದು ಕೂರದೆ ತನ್ನ ಪಾಡಿಗೆ ಮುಂದುವರಿಯುತ್ತದೆ. ಕೋರಿಕೆ ಕರ್ನಲ್ ದಾಟಿ ಡ್ರೈವರಿನ ಕೈ ಸೇರಿರುತ್ತದೆ. ಅಷ್ಟರಲ್ಲಿ ಬಳಸುವವರು ಮನಸ್ಸು ಬದಲಿಸಿದರೆ? ದರ್ಶಿನಿಯಲ್ಲಿ ‘ದೋಸೆ ಬೇಡ’ ಎಂದು ಕೂಗುವ ಹೊತ್ತಿಗೆ ಹಿಟ್ಟು ಕಾವಲಿಗೆ ಬಿದ್ದಿರಬಹುದು.

ಹೀಗೆ ರದ್ದು ಮಾಡಲು ವಿಂಡೋಸಿನಲ್ಲಿರುವ ಹಳೆಯ ಕರೆ ಕ್ಯಾನ್ಸಲ್‌ಐಒ ಬಹಳ ಬಿಗಿ. ಯಾವ ಥ್ರೆಡ್ ಕೇಳಿತ್ತೋ ಅದೇ ಥ್ರೆಡ್ ರದ್ದು ಮಾಡಬೇಕು. ತೆರೆದ ಫೈಲಿನ ಗುರುತಾದ ಹ್ಯಾಂಡಲಿನ ಮೇಲೆ ಅದು ಕೇಳಿದ್ದೆಲ್ಲ ಒಟ್ಟಿಗೇ ಹೋಗುತ್ತದೆ. ವಿಸ್ಟಾದಲ್ಲಿ ಕ್ಯಾನ್ಸಲ್‌ಐಒಇಎಕ್ಸ್ ಬಂತು. ಅದೇ ಪ್ರೋಸೆಸ್ಸಿನ ಯಾವ ಥ್ರೆಡ್ಡಾದರೂ, ಬೇಕಾದ ಒಂದೇ ಕೋರಿಕೆಯನ್ನು ಹೆಕ್ಕಿ ರದ್ದು ಮಾಡುವಂತಾಯಿತು. ವಿಸ್ಟಾವನ್ನು ಬೈದವರೇ ಹೆಚ್ಚು. ಈ ಒಂದು ಕೊಡುಗೆಗಾಗಿ ನಾನು ಅದನ್ನು ಮೆಚ್ಚುತ್ತೇನೆ.

ಆದರೆ ಆ ಕರೆ ‘ಯಶಸ್ವಿ’ ಎಂದರೆ, ರದ್ದತಿಯ ವಿನಂತಿ ತಲುಪಿದೆ ಎಂದಷ್ಟೇ. ಮೂಲ ಕೋರಿಕೆಗೆ ತನ್ನದೇ ಕೊನೆಯ ಉತ್ತರ ಬಂದೇ ಬರುತ್ತದೆ: 995 ಎಂಬ ದೋಷಸಂಖ್ಯೆ ಬಂದರೆ ರದ್ದಾಯಿತು, ಒಮ್ಮೊಮ್ಮೆ ಓದು ಪೂರ್ತಿ ಮುಗಿದು ಡೇಟಾವೇ ಬಂದಿರುತ್ತದೆ. ಅಲ್ಲಿಯವರೆಗೆ ಡೇಟಾ ಬಂದು ಸೇರಬೇಕಾದ ಬಫರೂ ಕೋರಿಕೆಯ ವಿವರವಿರುವ ಓವರ್‌ಲ್ಯಾಪ್ಡ್ ರಚನೆಯೂ ಕರ್ನಲ್‌ನ ಸುಪರ್ದಿಯಲ್ಲಿರುತ್ತವೆ. ಅವಸರಪಟ್ಟು ಆ ಮೆಮೊರಿ ಬಿಟ್ಟುಕೊಟ್ಟರೆ, ಅಷ್ಟರಲ್ಲಿ ಬೇರೆ ಯಾವುದಕ್ಕೋ ಹಂಚಿಕೆಯಾದ ಜಾಗದ ಮೇಲೆ ಡೇಟಾ ಬಂದು ಬೀಳುತ್ತದೆ. ಪ್ರೋಗ್ರಾಮು ಕುಸಿಯುವುದು ಇನ್ನೆಲ್ಲೋ, ಸಂಬಂಧವೇ ಇಲ್ಲದ ಸಾಲಿನಲ್ಲಿ. ಹುಡುಕಿ ಹಿಡಿಯಲು ಇದಕ್ಕಿಂತ ಕಷ್ಟದ ದೋಷಗಳು ಕಡಿಮೆ.

ಲಿನಕ್ಸಿನಲ್ಲಿ ಇದೇ ಬಗೆಯ ಕೋರಿಕೆಗಳಿಗಾಗಿ ಯೆನ್ಸ್ ಆಕ್ಸ್‌ಬೊ ಕಟ್ಟಿದ ಐಒ_ಯೂರಿಂಗ್ 2019ರಲ್ಲಿ, 5.1 ಕರ್ನಲ್ ಜೊತೆ ಬಂತು. ಯಾವುದೇ ಕೋರಿಕೆಯನ್ನು ರದ್ದು ಮಾಡುವಂತೆ ಕೇಳುವ ಸೌಲಭ್ಯ 5.5ರಲ್ಲಿ ಸೇರಿತು. ಅದರ ಉತ್ತರಗಳು ನನಗೆ ಅಚ್ಚುಮೆಚ್ಚು: ರದ್ದಾಯಿತು, ಅಂಥದ್ದು ಸಿಗಲಿಲ್ಲ, ಆಗಲೇ ಶುರುವಾಗಿರುವುದರಿಂದ ನಿಲ್ಲದಿರಬಹುದು. ಡೇಟಾ ಬರಲೆಂದು ಕಾಯುತ್ತಿರುವ ಸಾಕೆಟ್ಟನ್ನು ಸಲೀಸಾಗಿ ಬಿಡಿಸಬಹುದು. ಡಿಸ್ಕಿಗೆ ಇಳಿದ ಓದನ್ನು ಸಾಮಾನ್ಯವಾಗಿ ತಡೆಯಲಾಗದು. ಆ ಮೂರನೆಯ ಉತ್ತರ ಯಂತ್ರದ ಈ ವಾಸ್ತವವನ್ನು ಮುಚ್ಚಿಡುವುದಿಲ್ಲ. ಇಲ್ಲಿಯೂ ಮೂಲ ಕೋರಿಕೆಯ ಫಲಿತಾಂಶ ಬೇರೆಯಾಗಿಯೇ ಬರುತ್ತದೆ.

ಇಂಥ ಕೋಡ್ ಬರೆಯುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ: ರದ್ದು ಮಾಡಿದ ಮೇಲೂ ಆ ಫಲಿತಾಂಶ ಕೈಸೇರುವವರೆಗೆ ಬಫರನ್ನು ಮುಟ್ಟಬೇಡಿ.