ನೂತನ ಯಂತ್ರವೂ ಹಳೆಯ ಉದ್ಯಮವೂ: ಒಂದು ಸಿದ್ಧಾಂತದ ವಿಮರ್ಶೆ

ಪ್ರತಿಷ್ಠಿತ ಉದ್ಯಮಸಂಸ್ಥೆಗಳು ಹೊಸ ಯಂತ್ರಕೌಶಲದ ಮುಂದೆ ಏಕೆ ಸೋಲುತ್ತವೆ? ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕ್ಲೇಟನ್ ಕ್ರಿಸ್ಟೆನ್‌ಸನ್ನರು 1997ರಲ್ಲಿ ಪ್ರಕಟಿಸಿದ ‘ದಿ ಇನೊವೇಟರ್ಸ್ ಡಿಲೆಮಾ’ ಎಂಬ ಗ್ರಂಥ ಈ ಪ್ರಶ್ನೆಗೆ ಪ್ರಸಿದ್ಧವಾದ ಉತ್ತರವನ್ನಿತ್ತಿದೆ. ಹೊಸ ಪದಾರ್ಥವು ಮೊದಲು ಅಗ್ಗವಾಗಿಯೂ ಗುಣದಲ್ಲಿ ಕೀಳಾಗಿಯೂ ಇರುತ್ತದೆ. ದೊಡ್ಡ ಸಂಸ್ಥೆಗಳು ತಮ್ಮ ಉತ್ತಮ ಗಿರಾಕಿಗಳ ಮಾತನ್ನೇ ಕೇಳುತ್ತ ಅದನ್ನು ಕಡೆಗಣಿಸುತ್ತವೆ. ಅದು ಕೆಳಗಿನಿಂದ ಬೆಳೆದು ಕಡೆಗೆ ಅವನ್ನೇ ಸ್ಥಾನಭ್ರಷ್ಟಗೊಳಿಸುತ್ತದೆ. ಸಮರ್ಥ ಆಡಳಿತವೇ ಪತನಕ್ಕೆ ಹೇತುವಾಗಬಹುದೆಂದು ತೋರಿಸಿದುದು ಈ ಗ್ರಂಥದ ನಿಜವಾದ ಹಿರಿಮೆ.

ಆದರೆ ಗ್ರಂಥಕರ್ತರ ಮುಖ್ಯ ಆಧಾರ ಕಂಪ್ಯೂಟರಿನ ಡಿಸ್ಕ್ ಡ್ರೈವ್ ಉದ್ಯಮ. ಅಲ್ಲಿ ದೊರೆತ ಸೂತ್ರವನ್ನು ಸಕಲ ಉದ್ಯಮಗಳ ಚರಿತ್ರೆಗೂ ಅನ್ವಯಿಸುವುದು ಸಾಧುವೆ? ಕೈಗಡಿಯಾರದ ಉದಾಹರಣೆಯಿಂದ ಇದನ್ನು ಪರೀಕ್ಷಿಸೋಣ.

ಜಪಾನಿನ ಸೈಕೊ ಸಂಸ್ಥೆ 1969ರ ಡಿಸೆಂಬರ್ 25ರಂದು ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಅದರ ಬೆಲೆ 4,50,000 ಯೆನ್. ಅಂದಿಗೆ ಹೆಚ್ಚುಕಡಿಮೆ ಒಂದು ಕಾರಿನ ಬೆಲೆ. ಕರಾರುವಾಕ್ಕಾಗಿ ಕಾಲ ತೋರಿಸುವುದರಲ್ಲಿ ಅದು ಹಳೆಯ ಗಡಿಯಾರಗಳನ್ನು ಮೀರಿತ್ತು. ಎಂದರೆ ಹೊಸತು ಇಲ್ಲಿ ಕೆಳಗಿನಿಂದಲ್ಲ, ಮೇಲಿನಿಂದ ಬಂದಿತು. ಸ್ವಿಟ್ಸರ್ಲೆಂಡಿನವರು ಅದನ್ನು ಅರಿಯದವರೂ ಅಲ್ಲ. ನ್ಯೂಶಾಟೆಲ್‌ನ ಸಂಶೋಧನಾ ಕೇಂದ್ರ 1967ರಲ್ಲಿಯೇ ಮಾದರಿಯನ್ನು ನಿರ್ಮಿಸಿತ್ತು. ಆದರೂ 1970ರ ಸುಮಾರಿಗೆ 90,000ದಷ್ಟಿದ್ದ ಅಲ್ಲಿನ ಕೆಲಸಗಾರರ ಸಂಖ್ಯೆ 1980ರ ದಶಕದ ಮಧ್ಯಕ್ಕೆ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯಿತು. ಕೊರತೆಯಿದ್ದುದು ಜ್ಞಾನದಲ್ಲಲ್ಲ, ಬಿಡಿಭಾಗಗಳ ತಯಾರಿಕೆಯನ್ನು ನೂರಾರು ಸಣ್ಣ ಕಾರ್ಖಾನೆಗಳಿಗೆ ಹಂಚಿಕೊಂಡಿದ್ದ ವ್ಯವಸ್ಥೆಯಲ್ಲಿ ಎಂದು ನಾವು ಭಾವಿಸುತ್ತೇವೆ. ಮುಂದೆ ಯಾಂತ್ರಿಕ ಗಡಿಯಾರವೇ ಐಷಾರಾಮದ ವಸ್ತುವಾಗಿ ಅವರಿಗೆ ಹಿರಿಮೆಯನ್ನು ಮರಳಿ ತಂದಿತು.

ನಮ್ಮ ನಾಡಿನ ನಿದರ್ಶನವೂ ಇದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸತೊಡಗಿದ ಎಚ್.ಎಂ.ಟಿ.ಯೂ ಕ್ವಾರ್ಟ್ಸ್ ಗಡಿಯಾರಗಳನ್ನು ಮಾಡಿತು. 1984ರಲ್ಲಿ ಸ್ಥಾಪಿತವಾದ ಟೈಟನ್ ಹೊಸೂರಿನಿಂದ ಅದೇ ತಂತ್ರವನ್ನು ನೆಚ್ಚಿ ಬೆಳೆಯಿತು, ಎಚ್.ಎಂ.ಟಿ.ಯ ಗಡಿಯಾರ ಘಟಕಗಳನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ತಂತ್ರವು ಇಬ್ಬರಲ್ಲಿಯೂ ಇತ್ತು. ಫಲ ಮಾತ್ರ ಬೇರೆಯಾಯಿತು.

ಆದುದರಿಂದ ‘ಯಂತ್ರವೇ ಉದ್ಯಮವನ್ನು ಕೊಂದಿತು’ ಎಂಬ ವಾಕ್ಯವನ್ನು ಚರಿತ್ರೆಯ ವಿದ್ಯಾರ್ಥಿಯು ಸುಲಭವಾಗಿ ಬರೆಯಬಾರದು. ಹಾಗೆ ಬರೆದಲ್ಲಿ ಒಡೆತನ, ಸಂಘಟನೆ, ಸರ್ಕಾರದ ನೀತಿ ಎಲ್ಲವೂ ವಿಚಾರಣೆಯಿಂದ ತಪ್ಪಿಸಿಕೊಳ್ಳುತ್ತವೆ. ಕೆಲಸ ಕಳೆದುಕೊಂಡವರಿಗೆ ಉತ್ತರ ಹೇಳಬೇಕಾದವರು ಯಾರೂ ಉಳಿಯುವುದಿಲ್ಲ.