ಸ್ಮಿತ್‌ನ ‘ದಿ ಸ್ಟೋನ್ ಫೇಸ್’

ಸ್ವದೇಶದ ಅನ್ಯಾಯವನ್ನು ಸಹಿಸಲಾರದೆ ಹೊರನಾಡಿಗೆ ಹೋದವನ ಕಥೆ ಬರೆಯುವ ಕಾದಂಬರಿಕಾರನಿಗೆ ಸುಲಭಮಾರ್ಗಗಳೆರಡುಂಟು: ಹೊಕ್ಕ ನಾಡನ್ನು ಸ್ವರ್ಗವೆಂದು ಕೊಂಡಾಡುವುದು ಒಂದು, ಅಲ್ಲಿಯೂ ತನಗೊದಗಿದ ಅಪಮಾನಗಳನ್ನು ಎಣಿಸುತ್ತ ಕೂರುವುದು ಇನ್ನೊಂದು. 1963ರಲ್ಲಿ ಪ್ರಕಟವಾದ ವಿಲಿಯಂ ಗಾರ್ಡ್‌ನರ್ ಸ್ಮಿತ್‌ನ ಈ ಕೃತಿ ಎರಡನ್ನೂ ಹಿಡಿಯದೆ, ಹೊರನಾಡು ಆದರದಿಂದ ಕಂಡದ್ದೇ ಹೇಗೆ ಸಂಕಟವಾಗುತ್ತದೆಂಬುದನ್ನು ಶೋಧಿಸುತ್ತದೆ.

ಸ್ಮಿತ್ 1927ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಕರಿಯ ಅಮೆರಿಕನ್. 1951ರಲ್ಲಿ ಪ್ಯಾರಿಸ್ಸಿಗೆ ಬಂದು ಪತ್ರಕರ್ತನಾಗಿ ದುಡಿದವನು. ಅವನ ನಾಯಕ ಸಿಮಿಯನ್ ಬ್ರೌನ್ ಚಿತ್ರಕಾರ. ಬಾಲ್ಯದಲ್ಲಿ ಬಿಳಿಯ ಹುಡುಗನೊಬ್ಬನ ಚೂರಿಗೆ ಒಂದು ಕಣ್ಣನ್ನು ತೆತ್ತವನು. ಪ್ಯಾರಿಸ್ಸಿನ ಕಾಫಿಗೃಹಗಳಲ್ಲಿ ಅವನಿಗೆ ಸರಿಸಮಾನ ಮರ್ಯಾದೆ ದೊರೆಯುತ್ತದೆ, ಪ್ರಾಣ ನೆಟ್ಟಗಾಗುತ್ತದೆ.

ಕೃತಿಯ ಜೀವವಿರುವುದು ಬೀದಿಜಗಳದ ಒಂದು ಪ್ರಕರಣದಲ್ಲಿ. ಸಿಮಿಯನ್ನನಿಗೂ ಅಲ್ಜೀರಿಯದವನೊಬ್ಬನಿಗೂ ಕೈಮಿಲಾಯಿಸಿದಾಗ, ಪೋಲೀಸರು ಆ ಇನ್ನೊಬ್ಬನನ್ನೇ ರಾತ್ರಿಯೆಲ್ಲ ಸೆರೆಯಲ್ಲಿಡುತ್ತಾರೆ. ಅಧಿಕಾರಿ ಸಿಮಿಯನ್ನನನ್ನು ಬಹುವಚನದಲ್ಲಿ ಮಾತನಾಡಿಸುತ್ತಾನೆ. ಇಂಗ್ಲಿಷಿನಲ್ಲಿ ಬರೆಯುವವನು ಈ ಭೇದವನ್ನು ಬಿಡಿಸಿ ಹೇಳಬೇಕು. ‘ನೀನು’ ‘ನೀವು’ಗಳ ನಡುವೆ ಬೆಳೆದ ಕನ್ನಡಿಗನಿಗೆ ಬೇರೆ ವಿವರಣೆ ಬೇಡ. ಮರುದಿನ ಅಲ್ಜೀರಿಯದವರು ಅವನನ್ನು ‘ಬಿಳಿಯ’ನೆಂದು ಹಂಗಿಸುತ್ತಾರೆ. ಹುಟ್ಟಿದಂದಿನಿಂದ ತಾನು ದ್ವೇಷಿಸಿದ ಹೆಸರು ತನಗೇ ಅಂಟಿತಲ್ಲಾ ಎಂಬ ನಾಚಿಕೆ ಆ ಮೇಲೆ ಅವನನ್ನು ಬಿಡುವುದಿಲ್ಲ. ಪೂರ್ವಗ್ರಹ ಪ್ಯಾರಿಸ್ಸಿನಲ್ಲಿಲ್ಲದೆ ಇರಲಿಲ್ಲ. ಅದರ ಗುರಿ ಬೇರೆಯಾಗಿತ್ತು, ಅಷ್ಟೆ. ಇದನ್ನು ಕಂಡೂ ಕಾಣದಂತಿರುವ ಅವನ ಕರಿಯ ಮಿತ್ರರನ್ನು ಸ್ಮಿತ್ ಹೀಗಳೆಯುವುದಿಲ್ಲವೆಂಬುದು ಗಮನಾರ್ಹ. ಆಶ್ರಯ ಕೊಟ್ಟ ನಾಡಿನ ರಾಜಕಾರಣದಲ್ಲಿ ಬಾಯಿ ಹಾಕಿದರೆ ಆಶ್ರಯವೇ ತಪ್ಪೀತೆಂಬ ಭಯ ಹುಸಿಯಾದುದಲ್ಲ.

ಅಲ್ಜೀರಿಯದವರನ್ನೂ ಅವನು ದೇವತೆಗಳನ್ನಾಗಿಸಿಲ್ಲ. ನಾಯಕನ ಪ್ರೇಯಸಿ ಮರಿಯಾ ನಾಜಿ ಶಿಬಿರದಿಂದ ಉಳಿದುಬಂದ ಯೆಹೂದಿ ಯುವತಿ. ಆ ಗೆಳೆಯರ ಬಾಯಲ್ಲೂ ಯೆಹೂದಿಗಳ ಮೇಲಣ ತಾತ್ಸಾರ ಇಣುಕುತ್ತದೆ.

ಕೃತಿಯ ಕೊನೆಯಲ್ಲಿ 1961ರ ಅಕ್ಟೋಬರ್ 17 ಬರುತ್ತದೆ. ಅಲ್ಜೀರಿಯದವರ ಮೇಲಿನ ನಿಶಾಸಂಚಾರ ನಿರ್ಬಂಧವನ್ನು ಪ್ರತಿಭಟಿಸಿದ ಮೆರವಣಿಗೆಯ ಮೇಲೆ ಪೋಲೀಸರು ಬಿದ್ದ ರಾತ್ರಿ ಅದು. ಹೆಣಗಳು ಸೇನ್ ನದಿಯಲ್ಲಿ ತೇಲಿದವು. ಸರ್ಕಾರ ಆಗ ಒಪ್ಪಿಕೊಂಡದ್ದು ಬೆರಳೆಣಿಕೆಯ ಸಾವುಗಳನ್ನು ಮಾತ್ರ. ಎರಡೇ ವರ್ಷಗಳಲ್ಲಿ ಅದನ್ನು ಕಾದಂಬರಿಗೆ ತಂದ ಧೈರ್ಯ ಸಾಮಾನ್ಯವಾದುದಲ್ಲ. ಫ್ರೆಂಚ್ ಭಾಷೆಗೆ ಈ ಪುಸ್ತಕ ಬಂದದ್ದು 2021ರಲ್ಲಿ!

ದೋಷಗಳಿಲ್ಲದಿಲ್ಲ. ಸಂಭಾಷಣೆಗಳು ಅಲ್ಲಲ್ಲಿ ಭಾಷಣಗಳಾಗುತ್ತವೆ; ದ್ವೇಷಿಸುವವರ ಮುಖದಲ್ಲೆಲ್ಲ ಒಂದೇ ‘ಕಲ್ಲಿನ ಮುಖ’ವನ್ನು ಕಾಣಿಸುವ ಸಂಕೇತ ಪದೇ ಪದೇ ಬಂದು ಸವೆಯುತ್ತದೆ. ಕಡೆಗೆ, ತನ್ನ ಅಲ್ಜೀರಿಯದವರು ಅಮೆರಿಕದಲ್ಲಿದ್ದಾರೆಂದು ಅರಿತು ಸಿಮಿಯನ್ ತಾಯ್ನಾಡಿಗೆ ಹೊರಡುತ್ತಾನೆ. ಈ ನಿರ್ಧಾರ ಕಥೆಗೆ ಒಪ್ಪಿದರೂ ತೀರ ಅವಸರದಲ್ಲಿ ಬಂದುಬಿಡುತ್ತದೆ. ಸ್ಮಿತ್‌ನ ಬಾಳು ಅಷ್ಟು ನೇರವಾಗಿ ಸಾಗಲಿಲ್ಲ. ಅವನು ಘಾನಾಕ್ಕೆ ಹೋದ. 1966ರಲ್ಲಿ ಅಲ್ಲಿ ಸೈನಿಕಕ್ರಾಂತಿಯಾಗಲು ಪ್ಯಾರಿಸ್ಸಿಗೆ ಮರಳಿದ. ಅಮೆರಿಕವನ್ನು ಪತ್ರಕರ್ತನಾಗಿ ನೋಡಿಬಂದ. 1974ರಲ್ಲಿ ಫ್ರಾನ್ಸಿನಲ್ಲಿಯೇ ತೀರಿಕೊಂಡ.